ದೊಡ್ಡಿಯ ನಾಯಿಯನ್ನು ತನ್ನಿ, ಬೀದಿಯ ನಾಯಿಯನ್ನು ಅಲ್ಲೇ ಬಿಡಿ

ಇಂಗ್ಲೆಂಡಿನಲ್ಲಿ ನಾಯಿ ಓಡಾಡಿಸಲು ಪಾರ್ಕಿಗೆ ಬರುವವರನ್ನು ಮಾತಾಡಿಸಿದರೆ, "ಇದು ರೊಮೇನಿಯಾದಿಂದ ಬಂದಿದ್ದು", "ಇದು ಸೈಪ್ರಸ್‌ನದು" ಅನ್ನುವವರು ಸಿಗುತ್ತಲೇ ಇರುತ್ತಾರೆ. ನಮ್ಮ ಮನೆಯಲ್ಲಿರುವುದೂ ರೊಮೇನಿಯಾದ ನಾಯಿಯೇ. ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರು ಅದನ್ನು ನೋಡಿ ಕೇಳುತ್ತಾರೆ, ನಾವೂ ಒಂದು ತರಿಸಬಹುದಾ, ಮಕ್ಕಳಿರುವ ಮನೆಗೆ ಆಗುತ್ತಾ ಅಂತ. ಆಗುತ್ತೆ. ಆದರೆ ಯಾವ ನಾಯಿಯನ್ನು ತರಿಸುತ್ತಿದ್ದೀರಿ ಅನ್ನುವುದನ್ನು ಮೊದಲು ವಿಚಾರಿಸಿ. ದೊಡ್ಡಿಯಲ್ಲಿ ಕೂಡಿಹಾಕಿರುವ ನಾಯಿಯನ್ನು ತರಿಸಿದರೆ ಅದಕ್ಕೆ ಒಂದು ಜೀವ ಕೊಟ್ಟಂತೆ. ಬೀದಿಯಲ್ಲಿ ತನ್ನ ಪಾಡಿಗೆ ತಾನು ಬದುಕಿಕೊಂಡಿರುವ ನಾಯಿಯನ್ನು ಹಿಡಿಸಿ ತರಿಸಿದರೆ ಅದರ ಬದುಕನ್ನೇ ಕಿತ್ತುಕೊಂಡಂತೆ.

ಈ ವ್ಯತ್ಯಾಸ ಇಲ್ಲಿನವರಿಗೆ ಬೇಗ ಅರ್ಥವಾಗುವುದಿಲ್ಲ. ಅವರ ತಪ್ಪಲ್ಲ, ಇಲ್ಲಿ ಬೀದಿ ನಾಯಿ ಅನ್ನುವುದೇ ಇಲ್ಲ. ಒಂಟಿಯಾಗಿ ಓಡಾಡುವ ನಾಯಿ ಕಂಡರೆ ಅದು ಯಾರದೋ ಮನೆಯಿಂದ ತಪ್ಪಿಸಿಕೊಂಡಿದ್ದು ಅಂತಲೇ ಲೆಕ್ಕ. ನಮ್ಮ ನಗರಸಭೆಯಂಥ ಕೌನ್ಸಿಲ್‌ನವರು ಹಿಡಿದು 7 ದಿನ ಇಟ್ಟುಕೊಳ್ಳುತ್ತಾರೆ, 1990ರ ಕಾನೂನಿನಲ್ಲೇ ಹಾಗಿದೆ. ಅಷ್ಟರಲ್ಲಿ ಮಾಲೀಕರು ಬರದಿದ್ದರೆ ಬೇರೆ ಮನೆ ಹುಡುಕುತ್ತಾರೆ, ಇಲ್ಲವೇ ಸಾಯಿಸುತ್ತಾರೆ. ಹೀಗೆ ಮಾಲೀಕರಿಲ್ಲದ ನಾಯಿಯನ್ನೇ ನೋಡದೆ ಬೆಳೆದವರಿಗೆ, ರಸ್ತೆ ಬದಿಯಲ್ಲಿ ಕೂತಿರುವ ನಾಯಿಯ ಫೋಟೋ ತೋರಿಸಿದರೆ ಸಾಕು, ಕಣ್ಣಲ್ಲಿ ನೀರು ಬರುತ್ತೆ. ಅದೇ ಫೋಟೋ ನನಗೆ ಬೇರೆ ಥರ ಕಾಣುತ್ತೆ. ಅದಕ್ಕೆ ಅಲ್ಲೊಂದು ಜಾಗ ಇರಬಹುದು, ಜೊತೆಯ ನಾಯಿಗಳಿರಬಹುದು, ದಿನಾ ಏನಾದರೂ ಹಾಕುವ ನಾಲ್ಕು ಮನೆಗಳಿರಬಹುದು. ನಮ್ಮ ಕಡೆ ನಾಯಿ ಒಂದು ಮನೆಯದಾಗದೆ ಇಡೀ ಬೀದಿಯದಾಗಿರುವುದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ? ಅದನ್ನು ಹಿಡಿದು, ಬೋನಿಗೆ ಹಾಕಿ, ವ್ಯಾನಿನಲ್ಲಿ ಹಲವು ದೇಶ ದಾಟಿಸಿ, ಅಪರಿಚಿತರ ಅಡುಗೆಮನೆಯೊಳಗೆ ಬಿಟ್ಟರೆ ಅದಕ್ಕೆ ಹೇಗಾಗಬೇಡ!

ಹಾಗಾದರೆ ರೊಮೇನಿಯಾದಿಂದ ತರಿಸುವುದೇ ಬೇಡವಾ? ಹಾಗೇನಿಲ್ಲ. ಸರ್ವಾಧಿಕಾರಿ ಚೌಶೆಸ್ಕು ಆಳುತ್ತಿದ್ದ ಕಾಲದಲ್ಲಿ, 1980ರ ದಶಕದಲ್ಲಿ, ರಾಜಧಾನಿ ಬುಕಾರೆಸ್ಟ್‌ನಲ್ಲಿ ಮನೆಗಳನ್ನು ಸಾಲಾಗಿ ಕೆಡವಿ ಜನರನ್ನು ಫ್ಲ್ಯಾಟುಗಳಿಗೆ ಸಾಗಿಸಿದರು. ಅಂಗಳದಲ್ಲಿದ್ದ ನಾಯಿಗಳು ಬೀದಿಪಾಲಾದವು, ಅವುಗಳ ಸಂತಾನ ಬೆಳೆಯುತ್ತಾ ಹೋಯಿತು. 2013ರಲ್ಲಿ ಅದೇ ಊರಿನಲ್ಲಿ ನಾಯಿಗಳು ಕಚ್ಚಿ ನಾಲ್ಕು ವರ್ಷದ ಮಗುವೊಂದು ಸತ್ತಿತು. ದೇಶವೇ ಕುದಿಯಿತು. ಅದೇ ವರ್ಷ ಹೊಸ ಕಾನೂನು ಬಂತು. ಅದರ ಪ್ರಕಾರ ಹಿಡಿದು ದೊಡ್ಡಿಗೆ ಹಾಕಿದ ನಾಯಿಯನ್ನು 14 ಕೆಲಸದ ದಿನಗಳೊಳಗೆ ಯಾರೂ ಕೇಳಿಕೊಂಡು ಬರದಿದ್ದರೆ ಸಾಯಿಸಬಹುದು. ಆ ದೊಡ್ಡಿಗಳಲ್ಲಿರುವ ನಾಯಿಗಳ ಪರವಾಗಿ ನಾನು ಮಾತಾಡುತ್ತಿರುವುದು. ಅವಕ್ಕೆ ಬೀದಿಯೂ ಇಲ್ಲ, ಮನೆಯೂ ಇಲ್ಲ.

ನಮ್ಮ ದೇಶದ ದಾರಿ ಬೇರೆ. 2001ರ ನಿಯಮ, ಆಮೇಲೆ ಅದರ ಜಾಗಕ್ಕೆ ಬಂದ 2023ರ ನಿಯಮ, ಎರಡೂ ಹೇಳುವುದು ಇಷ್ಟೇ: ಹಿಡಿಯಿರಿ, ಸಂತಾನಹರಣ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ. ಶಾಲೆ, ಆಸ್ಪತ್ರೆ, ರೈಲು ನಿಲ್ದಾಣದಂಥ ಕಡೆ ಹಿಡಿದದ್ದನ್ನು ಮತ್ತೆ ಅಲ್ಲಿಗೇ ಬಿಡಬಾರದು ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳಲಾರೆ. ಕಚ್ಚಿಸಿಕೊಂಡ ಮಕ್ಕಳ ಅಪ್ಪ ಅಮ್ಮನ ಎದುರು ನಿಂತು ಹಾಗೆ ಹೇಳಲು ಯಾರಿಗೂ ಆಗಲ್ಲ. ಆದರೂ ನಾಯಿ ಹುಟ್ಟಿದ ಜಾಗದಲ್ಲೇ ಬಾಳಲಿ, ಸಂಖ್ಯೆ ಮಾತ್ರ ಇಳಿಯಲಿ ಅನ್ನುವ ಯೋಚನೆ ಇದೆಯಲ್ಲ, ಅದನ್ನು ನಾನು ಇವತ್ತಿಗೂ ನಂಬುತ್ತೇನೆ. ಅದಕ್ಕೇ ಬರೀ ನಾಯಿ ಸಾಗಿಸುವ ಸಂಸ್ಥೆಗಿಂತ, ಅಲ್ಲೇ ಊರೂರಿಗೆ ಹೋಗಿ ಸಂತಾನಹರಣ ಶಿಬಿರ ನಡೆಸುವ ಸಂಸ್ಥೆಯ ಮೂಲಕ ತರಿಸಿ ಅನ್ನುತ್ತೇನೆ. ಒಂದು ನಾಯಿ ಇಲ್ಲಿಗೆ ಬಂದರೆ ಒಂದು ನಾಯಿ ಉಳಿಯಿತು, ಒಂದು ಹೆಣ್ಣು ನಾಯಿಗೆ ಆಪರೇಷನ್ ಆದರೆ ದೊಡ್ಡಿ ಸೇರುವ ಎಷ್ಟೋ ಮರಿಗಳು ಹುಟ್ಟುವುದೇ ಇಲ್ಲ.

"ಅಷ್ಟು ದೂರದಿಂದ ಯಾಕೋ ತರಿಸ್ತೀಯಾ, ನೀನಿರೋ ಊರಲ್ಲಿ ನಾಯಿ ಇಲ್ವೇನೋ?" ಅಂತ ಅಮ್ಮ ಫೋನಿನಲ್ಲಿ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಇಲ್ಲಿನ ಶೆಲ್ಟರ್‌ಗಳಲ್ಲೂ ನಾಯಿಗಳಿವೆ, ಮೊದಲು ಅಲ್ಲಿಗೇ ಹೋಗಿ. ಆದರೆ ಚಿಕ್ಕ ಮಕ್ಕಳಿದ್ದಾರೆ ಅಂತಲೋ, ಇಡೀ ದಿನ ಮನೆಯಲ್ಲಿ ಯಾರೂ ಇರಲ್ಲ ಅಂತಲೋ, ಬೇಲಿ ಹಾಕಿದ ಹಿತ್ತಲಿಲ್ಲ ಅಂತಲೋ ಕೊಡದೆ ಇರುವುದುಂಟು. ಹಾಗೆ ನಾಯಿ ಸಿಗದವರು ಬೇಜಾರಾಗಿ ಹೊರದೇಶದ ನಾಯಿಗೆ ಕೈಹಾಕುತ್ತಾರೆ, ಅಲ್ಲಿ ಸುಲಭವಾಗಿ ಸಿಗುತ್ತೆ ಅಂತ. ಇದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಇಲ್ಲಿ ಹುಟ್ಟಿ ಬೆಳೆದ ನಾಯಿಗೇ ಆ ಮನೆ ಸಾಲದಿದ್ದರೆ, ಮೆಟ್ಟಿಲು, ಟಿವಿ, ಗಾಜಿನ ಬಾಗಿಲು ಯಾವುದನ್ನೂ ಕಂಡಿರದ ನಾಯಿಗೆ ಸಾಕಾಗುತ್ತಾ?

ನಮ್ಮ ನಾಯಿ ರಾಣಿ ಬಂದ ಹೊಸದರಲ್ಲಿ ಮೇಜಿನ ಕೆಳಗಿಂದ ಆಚೆಗೇ ಬರುತ್ತಿರಲಿಲ್ಲ. ವಾಷಿಂಗ್ ಮೆಷಿನ್ ತಿರುಗಿದರೆ ನಡುಗುತ್ತಿತ್ತು. ಮಗಳಿಗೆ ಅದನ್ನು ಮುದ್ದು ಮಾಡುವ ಆಸೆ, ಆದರೆ ಅವಳಿಗೆ ನಾವು ಹೇಳಿದ್ದು ಒಂದೇ: ಅದಾಗೇ ಬರುವ ತನಕ ಮುಟ್ಟಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ, ಸುಮ್ನೆ ನೆಲದ ಮೇಲೆ ಕೂತು ನಿನ್ನ ಪುಸ್ತಕ ಓದು. ಅವಳು ಹಾಗೇ ಮಾಡಿದಳು. ಇಲ್ಲಿ ನಾಯಿ ಸಾಕುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ. ಮೂರು ದಿನ ಹೆದರಿಕೆ, ಮೂರು ವಾರಕ್ಕೆ ಮನೆಯ ರೂಢಿ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನುವ ಭಾವ. ಬೀದಿಯಲ್ಲಿ ಬೆಳೆದ ನಾಯಿಗೆ ಇದಕ್ಕಿಂತ ಜಾಸ್ತಿ ಹಿಡಿಯಬಹುದು. ಅದು ಗುರ್ ಅಂದರೆ ಗದರಬೇಡಿ, "ನನಗೆ ಭಯ ಆಗ್ತಿದೆ, ದೂರ ಹೋಗಿ" ಅಂತ ಹೇಳಲು ಅದಕ್ಕಿರುವ ದಾರಿ ಅದು. ಆ ದಾರಿ ಮುಚ್ಚಿದರೆ ಮುಂದೆ ಕಚ್ಚುತ್ತೆ. ಇನ್ನೊಂದು ಮಾತು, ಕಾಪಾಡಿದ್ದಕ್ಕೆ ಅದು ಋಣಿಯಾಗಿರಬೇಕು ಅಂತ ನಿರೀಕ್ಷಿಸಬೇಡಿ. ಕರೆದುಕೊಂಡು ಬನ್ನಿ ಅಂತ ಅದು ಯಾರನ್ನೂ ಕೇಳಿರಲಿಲ್ಲ.

ಕಾಯಿಲೆಯ ವಿಷಯಕ್ಕೆ ಬಂದರೆ, ಇಲ್ಲಿನ ಕಾನೂನು ಕೇಳುವುದು ಮೈಕ್ರೋಚಿಪ್, ರೇಬಿಸ್ ಲಸಿಕೆ ಹಾಕಿ 21 ದಿನ ಕಳೆದಿರುವುದು, ದೇಶದೊಳಗೆ ಬರುವ ಮುಂಚಿನ 24ರಿಂದ 120 ಗಂಟೆಯೊಳಗೆ ಲಾಡಿಹುಳುವಿಗೆ ಔಷಧ, ಮತ್ತೆ ಕಾಗದಪತ್ರ. ಅಷ್ಟಕ್ಕೇ ನಿಲ್ಲಬೇಡಿ. ಬ್ರೂಸೆಲ್ಲಾ ಕೇನಿಸ್ ಅನ್ನುವ ಸೋಂಕಿಗೆ ರಕ್ತ ಪರೀಕ್ಷೆ ಮಾಡಿಸಿದ್ದಾರಾ ಕೇಳಿ, ರಿಪೋರ್ಟ್ ಕೈಗೆ ಬರುವವರೆಗೆ ಹೂಂ ಅನ್ನಬೇಡಿ. ನಾಯಿ ನೋಡಲು ಚೆನ್ನಾಗೇ ಇರುತ್ತೆ, ಒಳಗೆ ಸೋಂಕು ಇರುತ್ತೆ. ಔಷಧಿ ಕೊಟ್ಟರೂ ಪೂರ್ತಿ ಹೋಯಿತು ಅಂತ ಹೇಳಲಾಗಲ್ಲ, ಸಾಯಿಸುವುದೇ ದಾರಿ ಅಂತ ವೈದ್ಯರೇ ಹೇಳಬೇಕಾಗಿ ಬರುವುದುಂಟು. ಬ್ರಿಟನ್ನಿನಲ್ಲಿ ನಾಯಿಯಿಂದ ಮನುಷ್ಯರಿಗೆ ಇದು ಅಂಟಿದ್ದು ಮೊದಲ ಸಲ ಗೊತ್ತಾಗಿದ್ದು 2022ರಲ್ಲಿ. ಮನೆಯಲ್ಲಿ ಬಸುರಿಯರೋ ಎಳೆ ಮಕ್ಕಳೋ ಇದ್ದರೆ ಇನ್ನೂ ಜಾಗ್ರತೆ ಬೇಕು. ಮೆಡಿಟರೇನಿಯನ್ ಕಡೆಯ ನಾಯಿಯಾದರೆ ಮರಳುನೊಣದಿಂದ ಬರುವ ಲೀಶ್ಮೇನಿಯಾ ಸೋಂಕಿಗೂ ಪರೀಕ್ಷೆ ಮಾಡಿಸಿ. ನಾಯಿ ಬಂದು ಮೂರು ತಿಂಗಳಾದ ಮೇಲೆ ಬ್ರೂಸೆಲ್ಲಾ ಪರೀಕ್ಷೆ ಮತ್ತೊಮ್ಮೆ ಮಾಡಿಸಿ, ಹೊಸ ಸೋಂಕು ಮೊದಲ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ಫೋಟೋ ನೋಡಿ ಒಪ್ಪಿಕೊಳ್ಳುವ ಬದಲು, ಈಗಾಗಲೇ ಬಂದು ಇಲ್ಲಿ ಯಾರದಾದರೂ ಮನೆಯಲ್ಲಿ ತಾತ್ಕಾಲಿಕವಾಗಿ ಇರುವ ನಾಯಿಯನ್ನು ಕೇಳಿ. ಮಕ್ಕಳನ್ನೂ ಕರೆದುಕೊಂಡು ಹೋಗಿ ನೋಡಿ, ಒಂದೆರಡು ಸಲ ಜೊತೆಗೆ ನಡೆದಾಡಿ. ಹೊಂದಿಕೆಯಾಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಸಂಸ್ಥೆಯವರು ಬರೆದು ಕೊಡಬೇಕು. ಕೊಡಲ್ಲ ಅಂದವರ ಹತ್ತಿರ ತರಿಸಬೇಡಿ. ಮನೆಗೆ ಬಂದ ಮೇಲೆ ಹಿತ್ತಲಿನ ಬೇಲಿ ಆರು ಅಡಿ ಇದ್ದರೂ ಮೊದಲ ಕೆಲವು ವಾರ ಹಗ್ಗ ಬಿಚ್ಚಬೇಡಿ. ಎದೆಗೆ ಸುತ್ತಿ ಕಟ್ಟುವ ಹಾರ್ನೆಸ್‌ಗೆ ಒಂದು, ಕುತ್ತಿಗೆಯ ಬೆಲ್ಟಿಗೆ ಒಂದು, ಎರಡು ಹಗ್ಗ ಇರಲಿ. ಬೆದರಿ ಓಡಿದ ನಾಯಿಗೆ ನಿಮ್ಮ ಮನೆ ಯಾವುದು ಅಂತ ಇನ್ನೂ ಗೊತ್ತಿರುವುದಿಲ್ಲ, ನೀವು ಕೂಗುವ ಹೆಸರೂ ಅದಕ್ಕೆ ಹೊಸದು.