ಗೊರಕೆಗೆ ಸಾಕ್ಷಿ ಪಕ್ಕದಲ್ಲೇ ಮಲಗಿರುತ್ತಾರೆ

ನಮ್ಮ ಮನೆಗಳಲ್ಲಿ ಗೊರಕೆ ಅಂದರೆ ನಗು. ಮದುವೆ ಛತ್ರದಲ್ಲಿ ಜಮಖಾನ ಹಾಸಿ ಸಾಲಾಗಿ ಮಲಗಿ ಎದ್ದರೆ, ಬೆಳಗ್ಗೆ ಕಾಫಿ ಜೊತೆಗಿನ ಮೊದಲ ಮಾತೇ ಯಾರ ಗೊರಕೆ ಎಷ್ಟು ಜೋರಿತ್ತು ಅನ್ನೋದು. ಸ್ಲೀಪರ್ ಬಸ್ಸಿನಲ್ಲಿ ಯಾರಾದರೂ ಗೊರಕೆ ಹೊಡೆದರೆ ವಿಡಿಯೊ ಮಾಡಿ ವಾಟ್ಸಾಪಿಗೆ ಹಾಕುವವರಿದ್ದಾರೆ. ಮನೆಯ ಹಿರಿಯರು ಹೊಡೆದರೆ ಮಾತ್ರ "ಪಾಪ, ದಣಿದಿದ್ದಾರೆ, ಒಳ್ಳೆ ನಿದ್ದೆ ಬಂದಿದೆ, ಎಬ್ಬಿಸಬೇಡಿ" ಅನ್ನುತ್ತೇವೆ.

ನಗುವುದನ್ನೂ ನಾನು ಒಪ್ಪುವುದಿಲ್ಲ, "ಒಳ್ಳೆ ನಿದ್ದೆ" ಅನ್ನುವುದನ್ನೂ ಒಪ್ಪುವುದಿಲ್ಲ. ದಿನಾ ರಾತ್ರಿ ಜೋರಾಗಿ ಗೊರಕೆ ಬರುವ ಎಷ್ಟೋ ಜನರಿಗೆ ನಿದ್ದೆಯೇ ಆಗುತ್ತಿರುವುದಿಲ್ಲ. ಅದು ಅವರಿಗೆ ಗೊತ್ತೂ ಇರುವುದಿಲ್ಲ. ಗೊತ್ತಿರುವುದು ಪಕ್ಕದಲ್ಲಿ ಮಲಗಿದವರಿಗೆ, ನಮ್ಮಲ್ಲಿ ಹೆಚ್ಚಾಗಿ ಹೆಂಡತಿಗೆ. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕಾಯಿಲೆ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುವುದಕ್ಕೆ ಇದೇ ದೊಡ್ಡ ಕಾರಣ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಅಕ್ಕ ಹೀಗೇ ಹೇಳುತ್ತಾ ಬಂದಳು. "ಇವರ ಉಸಿರು ಮಧ್ಯೆ ನಿಂತೇ ಹೋಗತ್ತೆ ಕಣೇ, ನಂಗೆ ಭಯ ಆಗತ್ತೆ" ಅನ್ನುತ್ತಿದ್ದಳು. ಮನೆಯವರು ನಕ್ಕರು. ಭಾವನ ಬಿಪಿ ನೋಡುತ್ತಿದ್ದ ಡಾಕ್ಟರು "ನೀವು ಕಿವಿಗೆ ಹತ್ತಿ ಇಟ್ಕೊಂಡು ಮಲಗಿ ಅಮ್ಮಾ" ಅಂದರು. ಬಿಪಿ ಮಾತ್ರೆ ಒಂದಿದ್ದದ್ದು ಎರಡಾಯಿತು, ಆಮೇಲೆ ಮೂರಾಯಿತು. ಆದರೂ ಹತೋಟಿಗೆ ಬರಲಿಲ್ಲ. ಭಾವ ಬೆಳಗ್ಗೆ ತಲೆನೋವು ಅಂತ ಏಳುತ್ತಿದ್ದರು. ಪೇಪರ್ ಕೈಯಲ್ಲಿ ಹಿಡಿದೇ ತೂಕಡಿಸುತ್ತಿದ್ದರು. ಬೈಕ್ ನಿಲ್ಲಿಸಿಕೊಂಡು ಸಿಗ್ನಲ್ಲಿನಲ್ಲಿ ಕಣ್ಣು ಮುಚ್ಚಿದ್ದೂ ಉಂಟು.

ಒಂದು ಗೌರಿಹಬ್ಬದ ರಾತ್ರಿ ಅವರ ಮನೆಯ ಹಾಲಿನಲ್ಲೇ ಎಲ್ಲರೂ ಮಲಗಿದ್ದೆವು. ಭಾವ ಅಂಗಾತ ಮಲಗಿದ್ದರು. ಗೊರಕೆ ಏರುತ್ತಾ ಏರುತ್ತಾ ಹೋಯಿತು, ಇದ್ದಕ್ಕಿದ್ದಂತೆ ನಿಂತಿತು. ಸದ್ದು ಮಾತ್ರ ನಿಂತದ್ದು ಅಂದುಕೊಂಡು ತಿರುಗಿ ನೋಡಿದೆ. ಎದೆ ಎಳೆಯುತ್ತಿತ್ತು, ಹೊಟ್ಟೆ ಏರಿಳಿಯುತ್ತಿತ್ತು. ಮೂಗಿನ ಹತ್ತಿರ ಕೈ ಹಿಡಿದರೆ ಗಾಳಿಯೇ ಇಲ್ಲ. ಆಮೇಲೆ "ಗಕ್" ಅಂತ ಇಡೀ ಮೈ ಬೆಚ್ಚಿಬಿದ್ದಂತಾಗಿ, ಕಾಲು ಒದರಿ, ಜೋರಾಗಿ ಉಸಿರೆಳೆದುಕೊಂಡರು. ಎಚ್ಚರ ಆಗಲಿಲ್ಲ. ಮತ್ತೆ ಅದೇ ಗೊರಕೆ, ಮತ್ತೆ ಅದೇ ನಿಲುಗಡೆ. ಅಕ್ಕ ಪಕ್ಕದಲ್ಲಿ ಎದ್ದು ಕೂತಿದ್ದಳು. ಅವಳಿಗೆ ಅದು ದಿನದ ಪಾಡು.

ಇದು ಹೇಗೆ ಆಗುತ್ತದೆ ಅಂತ ತಿಳಿದುಕೊಂಡರೆ ಅರ್ಧ ದಾರಿ ಸಾಗಿದಂತೆ. ನಿದ್ದೆ ಬಂದಾಗ ಮೈಯ ಸ್ನಾಯುಗಳೆಲ್ಲ ಸಡಿಲವಾಗುತ್ತವೆ, ಗಂಟಲಿನವೂ ಸೇರಿ. ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ. ಅಂಗುಳಿನ ಹಿಂಭಾಗದ ಮೆದು ಮಾಂಸ, ಕಿರುನಾಲಿಗೆ ಜೋತುಬೀಳುತ್ತವೆ. ಉಸಿರಿನ ದಾರಿ ಕಿರಿದಾಗುತ್ತದೆ. ಗಿಡಕ್ಕೆ ನೀರು ಬಿಡುವ ಪೈಪಿನ ಬಾಯಿಯನ್ನು ಬೆರಳಲ್ಲಿ ಒತ್ತಿದರೆ ನೀರು ರಭಸವಾಗಿ ಚಿಮ್ಮುತ್ತದಲ್ವಾ, ಹಾಗೆ ಗಾಳಿ ಅಲ್ಲಿ ರಭಸವಾಗಿ ನುಗ್ಗಿ ಆ ಮೆದು ಭಾಗಗಳನ್ನು ಅದುರಿಸುತ್ತದೆ. ಆ ಅದುರುವಿಕೆಯೇ ಗೊರಕೆ. ನೆಗಡಿಯಾದಾಗ, ತುಂಬಾ ದಣಿದಾಗ ಒಂದೆರಡು ರಾತ್ರಿ ಬಂದು ಹೋಗುವ ಗೊರಕೆಗೆ ಹೆದರಬೇಕಾಗಿಲ್ಲ.

ದಾರಿ ಪೂರ್ತಿ ಮುಚ್ಚಿಕೊಂಡರೆ ಕಥೆ ಬೇರೆ. ಉಸಿರು 10 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ನಿಂತರೆ ಅದನ್ನು ಡಾಕ್ಟರುಗಳು ಅಪ್ನಿಯಾ ಅನ್ನುತ್ತಾರೆ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ. ಮೆದುಳು ಗಾಬರಿಯಾಗಿ ಅರೆಕ್ಷಣ ಎಚ್ಚರಿಸುತ್ತದೆ, ಎದೆಬಡಿತ ಏರುತ್ತದೆ, ಬಿಪಿ ಏರುತ್ತದೆ, ದಾರಿ ತೆರೆದುಕೊಳ್ಳುತ್ತದೆ. ಗಂಟೆಗೆ 5 ಸಲದಿಂದ 15 ಸಲ ಹೀಗಾದರೆ ಸೌಮ್ಯ, 30 ದಾಟಿದರೆ ತೀವ್ರ ಅಂತ ಲೆಕ್ಕ. ಉಸಿರು ಪೂರ್ತಿ ನಿಲ್ಲದೆ ತೀರಾ ಕಡಿಮೆಯಾದ ಸಲಗಳೂ ಆ ಲೆಕ್ಕದಲ್ಲಿ ಸೇರುತ್ತವೆ. ಭಾವನದು 40 ದಾಟಿತ್ತು. ಗಂಟೆಗೆ 40 ಸಲ ಯಾರಾದರೂ ಭುಜ ಹಿಡಿದು ಅಲುಗಿಸಿದರೆ ನಾವು ಮಾರನೇ ದಿನ ಕೆಲಸಕ್ಕೆ ಹೋಗಲಾದೀತಾ? ಅವರು ಹೋಗುತ್ತಿದ್ದರು. "ಸೋಮಾರಿ, ಎಲ್ಲಿ ಕೂತರೂ ನಿದ್ದೆ" ಅಂತ ಅನ್ನಿಸಿಕೊಳ್ಳುತ್ತಿದ್ದರು.

ಮೂರು ಮಾತ್ರೆಗೂ ಬಗ್ಗದ ಬಿಪಿಯ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಎದೆಬಡಿತದ ಏರುಪೇರು, ಪಾರ್ಶ್ವವಾಯು, ಶುಗರ್ ಜೊತೆಗೂ ಇದಕ್ಕೆ ನಂಟಿದೆ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದೂ ಇದರ ಒಂದು ಲಕ್ಷಣ. ನಾವು ಅದನ್ನು ಶುಗರ್ರಿನ ಅಥವಾ ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತೇವೆ.

ಬಪ್ಪಿ ಲಾಹಿರಿ ಎಲ್ಲರಿಗೂ ನೆನಪಿದ್ದಾರೆ. ಕನ್ನಡ ಸಿನಿಮಾಗಳಿಗೂ ಸಂಗೀತ ಕೊಟ್ಟವರು. 2022ರ ಫೆಬ್ರವರಿಯಲ್ಲಿ, 69ನೇ ವಯಸ್ಸಿನಲ್ಲಿ ಮುಂಬೈನಲ್ಲಿ ತೀರಿಕೊಂಡಾಗ, ಕಾರಣ ನಿದ್ದೆಯಲ್ಲಿ ಉಸಿರುಗಟ್ಟುವ ಈ ಸ್ಲೀಪ್ ಅಪ್ನಿಯಾ ಅಂತಲೇ ಆಸ್ಪತ್ರೆಯ ವೈದ್ಯರು ಹೇಳಿದ್ದರು. ಆ ವಾರ ಟಿವಿಯಲ್ಲಿ ಚರ್ಚೆ ಆಯಿತು, ಮುಂದಿನ ವಾರ ಮರೆತುಹೋಯಿತು. ದಿಲ್ಲಿಯ ಏಮ್ಸ್ ವೈದ್ಯರು 2023ರಲ್ಲಿ ದೇಶದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಭಾರತೀಯರಿಗೆ ಈ ತೊಂದರೆ ಇದೆ ಅಂತ ಅಂದಾಜು ಮಾಡಿದರು. ಇದು ದಪ್ಪ ಇರುವವರ ಕಾಯಿಲೆ ಅಂತ ತಿಳಿದವರೇ ಜಾಸ್ತಿ. ತೂಕ ದೊಡ್ಡ ಕಾರಣ, ನಿಜ. ಆದರೆ ದವಡೆ ಚಿಕ್ಕದಿದ್ದರೆ, ಗಲ್ಲ ಒಳಸರಿದಿದ್ದರೆ, ತೆಳ್ಳಗಿರುವವರಿಗೂ ಬರುತ್ತದೆ.

ಈಗ ಹೆಂಗಸರ ವಿಷಯ. ಇದನ್ನು ಬರೆಯಲೇಬೇಕು. ಗಂಡಸಿನ ಗೊರಕೆಗೆ ನಗು ಸಿಕ್ಕರೆ ಹೆಂಗಸಿನ ಗೊರಕೆಗೆ ನಾಚಿಕೆ ಸಿಗುತ್ತದೆ. ನೆಂಟರ ಮನೆಗೆ ಹೋದಾಗ ಎಲ್ಲರೂ ಮಲಗಿದ ಮೇಲೆ ಮಲಗುವ ಹೆಂಗಸರನ್ನು ನಾನು ಕಂಡಿದ್ದೇನೆ. ಡಾಕ್ಟರ ಮುಂದೆ "ಸುಸ್ತು, ತಲೆನೋವು, ನಿದ್ದೆ ಬರಲ್ಲ" ಅನ್ನುತ್ತಾರೆಯೇ ಹೊರತು ಗೊರಕೆ ಅನ್ನುವುದಿಲ್ಲ. ಅವರಿಗೆ ಬಿ12 ಇಂಜೆಕ್ಷನ್, ಐರನ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ತೊಂದರೆ ಹೆಚ್ಚುತ್ತದೆ. ಪಕ್ಕದಲ್ಲಿರುವ ಗಂಡ ಗಾಢ ನಿದ್ದೆಯಲ್ಲಿದ್ದರೆ ಅವಳ ಉಸಿರಿಗೆ ಸಾಕ್ಷಿಯೇ ಇಲ್ಲ. ಬಸುರಿಯಲ್ಲಿ ಹೊಸದಾಗಿ ಗೊರಕೆ ಶುರುವಾದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಆ ಸಮಯದ ಬಿಪಿಗೂ ಗೊರಕೆಗೂ ಸಂಬಂಧ ಇದೆ.

ಮಕ್ಕಳದ್ದು ಇನ್ನೊಂದು. ಮಗು ಬಾಯಿ ತೆರೆದು ಮಲಗಿ ದಿನಾ ಗೊರಕೆ ಹೊಡೆಯುತ್ತಿದ್ದರೆ ಅದು ಮುದ್ದಾದ ವಿಷಯ ಅಲ್ಲ. ಹೆಚ್ಚಾಗಿ ಟಾನ್ಸಿಲ್ ಅಥವಾ ಮೂಗಿನ ಹಿಂದಿನ ಅಡಿನಾಯ್ಡ್ ದಪ್ಪವಾಗಿರುತ್ತದೆ. ನಿದ್ದೆ ಕೆಟ್ಟ ಮಕ್ಕಳು ದೊಡ್ಡವರ ಹಾಗೆ ಎಲ್ಲ ಸಲವೂ ತೂಕಡಿಸುವುದಿಲ್ಲ. ಚಂಚಲರಾಗುತ್ತಾರೆ, ಹಟ ಮಾಡುತ್ತಾರೆ, ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ. ಬೈಯುವ ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಮೊದಲನೆಯದು ಮಗ್ಗುಲಾಗಿ ಮಲಗುವುದು. ಅಂಗಾತ ಮಲಗಿದಾಗ ಮಾತ್ರ ಗೊರಕೆ ಬರುವ ಎಷ್ಟೋ ಜನರಿಗೆ ಇಷ್ಟರಿಂದಲೇ ಬಹಳ ಕಡಿಮೆಯಾಗುತ್ತದೆ. ನಿದ್ದೆಯಲ್ಲಿ ಹೊರಳದಂತೆ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಟೆನಿಸ್ ಬಾಲ್ ಇಡುವುದು ಹಳೆಯ ಉಪಾಯ. ಬೆನ್ನಿಗೆ ಉದ್ದ ದಿಂಬು ಒತ್ತಿಟ್ಟುಕೊಂಡರೂ ನಡೆಯುತ್ತದೆ. ತಲೆಗೆ ಎರಡು ಮೂರು ದಿಂಬು ಏರಿಸಬೇಡಿ, ಕತ್ತು ಮುಂದಕ್ಕೆ ಬಾಗಿ ದಾರಿ ಇನ್ನೂ ಕಿರಿದಾಗುತ್ತದೆ. ಅದರ ಬದಲು ಮಂಚದ ತಲೆಭಾಗವನ್ನೇ ಸ್ವಲ್ಪ ಎತ್ತರಿಸಿ.

ಎರಡನೆಯದು ಕುಡಿತ. "ಎರಡು ಪೆಗ್ ಹಾಕಿದರೆ ಒಳ್ಳೆ ನಿದ್ದೆ" ಅನ್ನುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಮದ್ಯ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲ ಮಾಡುತ್ತದೆ, ಉಸಿರು ನಿಂತಾಗ ಎಚ್ಚರಿಸಬೇಕಾದ ಮೆದುಳನ್ನೂ ಮಂಕು ಮಾಡುತ್ತದೆ. ಡಾಕ್ಟರನ್ನು ಕೇಳದೆ ತಗೊಳ್ಳುವ ನಿದ್ದೆ ಮಾತ್ರೆಯಿಂದಲೂ ಇದೇ ಅಪಾಯ. ಬೀಡಿ, ಸಿಗರೇಟು ಗಂಟಲನ್ನು ಊದಿಸುತ್ತವೆ. ಮೂಗು ಕಟ್ಟಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಬೇಕು.

ತೂಕದ ವಿಷಯಕ್ಕೆ ಬಂದರೆ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ಜನರನ್ನು ಗಮನಿಸಿ 2000ನೇ ಇಸವಿಯಲ್ಲಿ ಬಂದ ಅಧ್ಯಯನ ಒಂದು ಮಾತು ಹೇಳುತ್ತದೆ: ತೂಕ ಶೇ 10ರಷ್ಟು ಇಳಿದರೆ ಉಸಿರು ನಿಲ್ಲುವ ಸಲಗಳು ಸುಮಾರು ಶೇ 26ರಷ್ಟು ಇಳಿಯುತ್ತವೆ. 80 ಕೆಜಿ ಇದ್ದವರು 72ಕ್ಕೆ ಬಂದರೆ ಅಷ್ಟು ಲಾಭ.

ಶಂಖದ ಸುದ್ದಿಯನ್ನೂ ನೀವು ಓದಿರಬಹುದು. ಜೈಪುರದ ವೈದ್ಯರು 30 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನಿಂದ ಆರು ತಿಂಗಳು ಶಂಖ ಊದಿಸಿ 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಊದಿದವರಿಗೆ ಹಗಲಿನ ತೂಕಡಿಕೆ ಕಡಿಮೆಯಾಗಿತ್ತು, ಉಸಿರು ನಿಲ್ಲುವುದೂ ಗಂಟೆಗೆ ನಾಲ್ಕೈದು ಸಲ ಇಳಿದಿತ್ತು. ಸ್ವಿಟ್ಜರ್‌ಲೆಂಡಿನಲ್ಲಿ 2006ರಲ್ಲೇ ಆಸ್ಟ್ರೇಲಿಯಾದ ಡಿಜರಿಡೂ ಅನ್ನುವ ಉದ್ದ ಕೊಳವೆ ವಾದ್ಯ ಊದಿಸಿ ಇಂಥದ್ದೇ ಫಲ ಕಂಡಿದ್ದರು. ಗಂಟಲಿನ ಸ್ನಾಯುಗಳಿಗೆ ವ್ಯಾಯಾಮ ಸಿಗುತ್ತದೆ ಅನ್ನುವುದು ಇದರ ಹಿಂದಿನ ವಿವರಣೆ. ನನಗೆ ಇದು ಖುಷಿಯ ಸುದ್ದಿಯೇ. ಮನೆಯಲ್ಲಿ ಶಂಖ ಇದ್ದರೆ ಧಾರಾಳವಾಗಿ ಊದಿ. ಆದರೆ 30 ಜನರ ಪ್ರಯೋಗ ಸಣ್ಣದು. ಗಂಟೆಗೆ 40 ಸಲ ಉಸಿರು ನಿಲ್ಲುವವರು ಶಂಖವನ್ನೇ ನೆಚ್ಚಿಕೊಂಡು ಕೂರಬಾರದು.

ರೀಲ್ಸ್ ನೋಡಿ ಬಾಯಿಗೆ ಟೇಪ್ ಅಂಟಿಸಿಕೊಳ್ಳುವುದನ್ನಂತೂ ದಯವಿಟ್ಟು ಮಾಡಬೇಡಿ. ಮೂಗು ಕಟ್ಟಿರುವವರಿಗೆ, ಅಪ್ನಿಯಾ ಇರುವವರಿಗೆ ಅದು ಅಪಾಯ. ಮೂಗಿಗೆ ಸಿಕ್ಕಿಸುವ ಮ್ಯಾಗ್ನೆಟ್ ಕ್ಲಿಪ್ಪಿನಿಂದಲೂ ಗಂಟಲಿನ ಹಿಂದೆ ಮುಚ್ಚಿದ ದಾರಿ ತೆರೆಯುವುದಿಲ್ಲ.

ತೀವ್ರ ಅಪ್ನಿಯಾಗೆ ನಂಬಬಹುದಾದ ದಾರಿ ಸಿಪ್ಯಾಪ್ ಮಷೀನ್. ಮೂಗಿಗೆ ಮಾಸ್ಕ್ ಹಾಕಿ ಒತ್ತಡದ ಗಾಳಿ ಬಿಟ್ಟು ದಾರಿಯನ್ನು ಮುಚ್ಚದಂತೆ ತೆರೆದಿಡುವ ಯಂತ್ರ. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಇದನ್ನು ಪ್ರಕಟಿಸಿದರು. ಮೊದಲ ಯಂತ್ರಕ್ಕೆ ವ್ಯಾಕ್ಯೂಮ್ ಕ್ಲೀನರಿನ ಮೋಟರನ್ನು ಬಳಸಿದ್ದರಂತೆ. ಅದಕ್ಕೂ ಮುಂಚೆ ತೀರಾ ಕಷ್ಟದಲ್ಲಿದ್ದವರಿಗೆ ಕುತ್ತಿಗೆಗೆ ತೂತು ಕೊರೆದು ಉಸಿರಾಡಿಸುತ್ತಿದ್ದರು.

ಯಂತ್ರ ಬರೆದುಕೊಡುವ ಮೊದಲು ಸ್ಲೀಪ್ ಸ್ಟಡಿ ಮಾಡುತ್ತಾರೆ. ಭಾವನ ತಲೆಗೆ ವೈರುಗಳನ್ನು ಅಂಟಿಸಿದರು, ಎದೆಗೆ ಹೊಟ್ಟೆಗೆ ಬೆಲ್ಟು ಕಟ್ಟಿದರು, ಬೆರಳಿಗೆ ಕ್ಲಿಪ್, ಮೂಗಿನ ತುದಿಗೆ ಸಣ್ಣ ನಳಿಗೆ. ನೋವಿಲ್ಲ, ಸೂಜಿಯಿಲ್ಲ, ಮಲಗಿದರೆ ಆಯಿತು. ಕೆಲವರಿಗೆ ಮನೆಗೇ ಚಿಕ್ಕ ಯಂತ್ರ ಕೊಟ್ಟು ಕಳಿಸುತ್ತಾರೆ. ಸಿಪ್ಯಾಪ್ ಮೊದಲ ವಾರಗಳಲ್ಲಿ ಭಾವನಿಗೆ ಕಿರಿಕಿರಿಯೇ ಆಯಿತು. ಮೂಗಿನ ಮೇಲೆ ಗುರುತು, ಬಾಯಿ ಒಣಗುವುದು, ನಿದ್ದೆಗಣ್ಣಲ್ಲಿ ಕಿತ್ತೆಸೆಯುವುದು. ಬೇರೆ ಅಳತೆಯ ಮಾಸ್ಕ್ ಹಾಕಿಸಿದ ಮೇಲೆ ಒಗ್ಗಿತು. ಬೆಳಗಿನ ತಲೆನೋವು ಹೋಯಿತು. ಬಿಪಿ ಮಾತ್ರೆಯನ್ನು ಡಾಕ್ಟರೇ ಕಡಿಮೆ ಮಾಡಿದರು. ಯಂತ್ರಕ್ಕೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ, ಅದು ಎಲ್ಲರ ಕೈಗೆಟಕುವುದಲ್ಲ. ಕೆಲವು ಕಡೆ ಬಾಡಿಗೆಗೂ ಸಿಗುತ್ತದೆ, ಮೊದಲು ಬಾಡಿಗೆಗೆ ತಂದು ಒಗ್ಗುತ್ತದಾ ನೋಡುವುದು ಒಳ್ಳೆಯದು.

ಇನ್ನೊಂದು ಮುಖ್ಯ ಮಾತು. ಯಾವುದೇ ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಗೊರಕೆಯ ವಿಷಯ ಹೇಳಿ. ಟೊರಾಂಟೊದ ಅರಿವಳಿಕೆ ತಜ್ಞೆ ಫ್ರಾನ್ಸಸ್ ಚಂಗ್ ಮತ್ತು ತಂಡ 2008ರಲ್ಲಿ ಎಂಟು ಪ್ರಶ್ನೆಗಳ ಪಟ್ಟಿ ಮಾಡಿದ್ದು ಇದೇ ಕಾರಣಕ್ಕೆ. ಗೊರಕೆ ಜೋರಾ, ಹಗಲು ಸುಸ್ತಾ, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರಾ, ಬಿಪಿ ಇದೆಯಾ, ತೂಕ ತುಂಬಾ ಜಾಸ್ತಿಯಾ, ವಯಸ್ಸು 50 ದಾಟಿದೆಯಾ, ಕತ್ತಿನ ಸುತ್ತಳತೆ 40 ಸೆಂಟಿಮೀಟರ್ ಮೀರಿದೆಯಾ, ಗಂಡಸಾ. ಮೂರಕ್ಕೆ ಹೌದು ಬಂದರೂ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮೂರನೆಯ ಪ್ರಶ್ನೆ ಗಮನಿಸಿ. ಅದಕ್ಕೆ ಉತ್ತರ ರೋಗಿಯ ಹತ್ತಿರ ಇಲ್ಲ, ಅಕ್ಕನಂಥವರ ಹತ್ತಿರ ಇದೆ.

ಅದಕ್ಕೇ ನನ್ನ ಆಸೆ ಇಷ್ಟು. ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ, ಶುಗರ್ ನೋಡುವಾಗ ಜೊತೆಗೆ ಬಂದವರನ್ನು ಈ ಒಂದು ಪ್ರಶ್ನೆ ಕೇಳಲಿ. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಮನೆಗೆ ಕೊಟ್ಟು ಕಳಿಸುವಂಥ ಚಿಕ್ಕ ಪರೀಕ್ಷಾ ಯಂತ್ರ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಇರಲಿ. ರಾತ್ರಿ ಬಸ್ಸು, ಲಾರಿ ಓಡಿಸುವ ಡ್ರೈವರುಗಳ ಆರೋಗ್ಯ ತಪಾಸಣೆಯಲ್ಲಿ ಕಣ್ಣಿನ ಜೊತೆ ನಿದ್ದೆಯನ್ನೂ ನೋಡಲಿ.

ನಿಮ್ಮ ಮನೆಯಲ್ಲಿ ಯಾರದಾದರೂ ಉಸಿರು ಹೀಗೆ ನಿಲ್ಲುತ್ತಿದ್ದರೆ ಫೋನಿನಲ್ಲಿ ಕೆಲವು ನಿಮಿಷ ರೆಕಾರ್ಡ್ ಮಾಡಿ, ಇಎನ್‌ಟಿ ಅಥವಾ ಶ್ವಾಸಕೋಶದ ಡಾಕ್ಟರಿಗೆ ಕೇಳಿಸಿ. ಅಕ್ಕ ಕೊನೆಗೆ ಹಾಗೇ ಮಾಡಿದ್ದು. ಬೆಂಗಳೂರು ಬಿಟ್ಟು ಬೇರೆ ಊರುಗಳಲ್ಲಿ ಸ್ಲೀಪ್ ಸ್ಟಡಿ ಮಾಡಿಸಿದವರು ಇಲ್ಲಿದ್ದರೆ, ಯಾವ ಊರು, ಎಷ್ಟು ಖರ್ಚಾಯಿತು ಅಂತ ಕೆಳಗೆ ಬರೆಯಿರಿ. ಕೇಳಿ ಮೆಸೇಜ್ ಮಾಡುವವರಿಗೆ ಅದನ್ನು ತೋರಿಸುತ್ತೇನೆ.