60 ಪರ್ಸೆಂಟ್ ವಾಪಸ್ ಅಂದ್ರಲ್ಲ, ಎಷ್ಟರಲ್ಲಿ 60?

ನೆಟ್‌ವರ್ಕ್, ಅಂದರೆ ಇನ್ಶೂರೆನ್ಸ್ ಕಂಪನಿ ಜೊತೆ ಒಪ್ಪಂದ ಇರೋರ ಪಟ್ಟಿ, ಅದರ ಹೊರಗಿನ ಥೆರಪಿಸ್ಟ್ ಹತ್ತಿರ ಹೋದರೂ 60 ಪರ್ಸೆಂಟ್ ವಾಪಸ್ ಕೊಡುತ್ತೇವೆ ಅಂತ ನನ್ನ ಇನ್ಶೂರೆನ್ಸ್ ಪ್ಲಾನಿನಲ್ಲಿ ಬರೆದಿದೆ. ಆ ಒಂದು ಸಾಲು ನಂಬಿಕೊಂಡೇ ನಾನು ಪ್ರತಿ ತಿಂಗಳೂ ಜಾಸ್ತಿ ಪ್ರೀಮಿಯಂ ಕಟ್ಟಿ ಪಿಪಿಒ, ಅಂದರೆ ಹೊರಗಿನವರ ಹತ್ತಿರ ಹೋದರೂ ಒಂದು ಪಾಲು ಕೊಡೋ ಪ್ಲಾನ್, ಇಟ್ಟುಕೊಂಡಿದ್ದು. ಈಗ ಹೊಟ್ಟೆ ಉರಿಯುತ್ತಿದೆ. ಎಷ್ಟರಲ್ಲಿ 60 ಅನ್ನೋದನ್ನು ಅವರು ಎಲ್ಲೂ ಬರೆದಿಲ್ಲ. ಕೇಳಿದರೂ ಹೇಳುವುದಿಲ್ಲ.

ನಾನಿರೋದು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ. ಮೈಸೂರಿನಲ್ಲಿ ಅಪ್ಪ ತೀರಿಕೊಂಡ ಮೇಲೆ ನನಗೆ ನಿದ್ದೆ ಬಿಟ್ಟೇ ಹೋಯಿತು. ಆಫೀಸಿನ ಮೀಟಿಂಗಿನಲ್ಲಿ ಕೂತಲ್ಲೇ ಎದೆ ಡವಡವ ಅನ್ನೋದು, ಕೈ ತಣ್ಣಗಾಗೋದು. ಥೆರಪಿ ಶುರು ಮಾಡಿ ಅಂತ ಡಾಕ್ಟರು ಹೇಳಿದರು. ಮೊದಲು ನೆಟ್‌ವರ್ಕಿನ ಒಳಗೇ ಹುಡುಕಿದೆ. ಕಂಪನಿಯ ಪಟ್ಟಿಯಲ್ಲಿ ಹೆಸರುಗಳಿಗೇನೂ ಬರ ಇಲ್ಲ. ಫೋನ್ ಮಾಡಿದರೆ ಒಬ್ಬರು ಹೊಸಬರನ್ನು ತಗೊಳ್ಳುತ್ತಿಲ್ಲ, ಇನ್ನೊಬ್ಬರು ಆ ಇನ್ಶೂರೆನ್ಸ್ ಬಿಟ್ಟು ಎಷ್ಟೋ ಕಾಲ ಆಗಿದೆ, ಮತ್ತೊಂದು ನಂಬರೇ ಚಾಲ್ತಿಯಲ್ಲಿಲ್ಲ. ಇದು ನನ್ನೊಬ್ಬಳ ಹಣೆಬರಹ ಅಲ್ಲ. ಇಂಥ ಪಟ್ಟಿಗಳಿಗೆ ಇಲ್ಲಿ ಘೋಸ್ಟ್ ನೆಟ್‌ವರ್ಕ್ ಅಂತಲೇ ಕರೆಯುತ್ತಾರೆ. 2023ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿಯವರು ಫೋನ್ ಹಚ್ಚಿ ನೋಡಿದಾಗ, ಪಟ್ಟಿಯಲ್ಲಿದ್ದ ಮಾನಸಿಕ ಆರೋಗ್ಯದವರ ಪೈಕಿ 86 ಪರ್ಸೆಂಟ್ ಹೆಸರುಗಳು ಹೀಗೇ ಉಪಯೋಗಕ್ಕೆ ಬಾರದವು. ಅದೇ ವರ್ಷ ಸೆನೆಟ್ ಸಮಿತಿಯವರು ಬೇರೆ ಬೇರೆ ರಾಜ್ಯಗಳಲ್ಲಿ ವಿಚಾರಿಸಿದಾಗಲೂ 80ಕ್ಕಿಂತ ಜಾಸ್ತಿ. ಆದರೂ ಪಟ್ಟಿ ಹಾಗೇ ಇದೆ.

ಕೊನೆಗೆ ಕನ್ನಡ ಬಲ್ಲ ಥೆರಪಿಸ್ಟ್ ಒಬ್ಬರು ಸಿಕ್ಕರು. ಅಪ್ಪನ ವಿಷಯ ಇಂಗ್ಲಿಷಿನಲ್ಲಿ ಹೇಳೋಕೆ ಹೋದರೆ ನನಗೆ ಬಾಯಿ ಕಟ್ಟುತ್ತೆ. ಅವರ ಹತ್ತಿರ ಹಾಗಾಗಲಿಲ್ಲ. ಒಂದು ಸೆಷನ್‌ಗೆ 225 ಡಾಲರ್. ಅವರು ಯಾವ ಇನ್ಶೂರೆನ್ಸೂ ತಗೊಳ್ಳುವುದಿಲ್ಲ, ಅದಕ್ಕೆ ಅವರನ್ನು ದೂರುವುದೂ ಇಲ್ಲ. ಕಂಪನಿಗಳು ಕೊಡೋ ಕಾಸು, ಮಾಡಿಸೋ ಕಾಗದದ ಕೆಲಸ ನೋಡಿದರೆ ಯಾರು ತಾನೇ ಒಳಗಿರುತ್ತಾರೆ?

ಪೂರ್ತಿ ದುಡ್ಡು ನಾನೇ ಕೊಡಬೇಕು. ತಿಂಗಳ ಕೊನೆಗೆ ಅವರು ಸೂಪರ್‌ಬಿಲ್ ಕೊಡುತ್ತಾರೆ, ಅಂದರೆ ಇನ್ಶೂರೆನ್ಸಿಗೆ ಕಳಿಸಿ ದುಡ್ಡು ಕೇಳೋಕೆ ಬೇಕಾದ ವಿವರವಾದ ರಸೀದಿ. ಅದರಲ್ಲಿ ಅವರ ಲೈಸೆನ್ಸ್, ಟ್ಯಾಕ್ಸ್ ನಂಬರ್, ತಾರೀಕು, ಸೆಷನ್ನಿನ ಕೋಡ್ 90837, ಜೊತೆಗೆ ಕಾಯಿಲೆಯ ಕೋಡ್. ಅಪ್ಪ ಹೋದ ದುಃಖಕ್ಕೂ ಒಂದು ಕೋಡ್ ಇದೆ, ಆದರೆ ಬರೀ ಅದನ್ನು ಬರೆದರೆ ದುಡ್ಡು ಬರೋದು ಅನುಮಾನ. ಎಫ್ ಅಕ್ಷರದಿಂದ ಶುರುವಾಗೋ ಮಾನಸಿಕ ಕಾಯಿಲೆಯ ಕೋಡೇ ಬೇಕು. ಆ ಕೋಡ್ ನನ್ನ ಫೈಲಿನಲ್ಲಿ ಕೂರುತ್ತೆ. ಅದಕ್ಕೂ ಒಪ್ಪಿಕೊಂಡೆ.

ಮೊದಲ ಕ್ಲೇಮ್ ವಾಪಸ್ ಬಂತು. ಥೆರಪಿ ಎಲ್ಲಿ ನಡೀತು ಅನ್ನೋ ಕೋಡ್ ಇಲ್ಲವಂತೆ. ಇತ್ತು! ಸಾಲಿನ ಮಧ್ಯೆ ಕಣ್ಣಿಗೆ ರಾಚೋ ಹಾಗೆ 10 ಅಂತ ಇತ್ತು. ವಿಡಿಯೋದಲ್ಲಿ, ಪೇಷೆಂಟ್ ಮನೆಯಿಂದ ಅಂತ ಅದರ ಅರ್ಥ. ಅದನ್ನೇ ಮತ್ತೆ ಫ್ಯಾಕ್ಸ್ ಮಾಡಿ ಅಂದರು. ಈ ಕಾಲದಲ್ಲಿ ಫ್ಯಾಕ್ಸ್! ಮಾಡಿದೆ.

ಆಮೇಲೆ ಬಂತು ಲೆಕ್ಕದ ಹಾಳೆ. ಮೇಲ್ಗಡೆ ‘ಇದು ಬಿಲ್ ಅಲ್ಲ’ ಅಂತ ಇದೆ. ಕೆಳಗೆ ನಾಲ್ಕು ಕಾಲಂ. ಥೆರಪಿಸ್ಟ್ ಕೇಳಿದ್ದು 225. ಕಂಪನಿ ಒಪ್ಪಿದ್ದು 110. ಡಿಡಕ್ಟಿಬಲ್‌ಗೆ, ಅಂದರೆ ಪ್ರತಿ ವರ್ಷ ಮೊದಲು ನಾನೇ ಹೊರಬೇಕಾದ ಪಾಲಿಗೆ, ಹೋಗಿದ್ದು 110. ಕಂಪನಿ ಕೊಡೋದು ಸೊನ್ನೆ.

ಈ 110 ಎಲ್ಲಿಂದ ಬಂತು? ಅವರೇ ಇಟ್ಟುಕೊಂಡ ರೇಟು, ಅಲೋಡ್ ಅಮೌಂಟ್ ಅನ್ನುತ್ತಾರೆ. ಅವರ ದೃಷ್ಟಿಯಲ್ಲಿ ಸೆಷನ್ನಿಗೆ ಅಷ್ಟೇ ಬೆಲೆ. ಉಳಿದ 115 ಡಾಲರ್ ನಾನು ಕೊಟ್ಟೇ ಇಲ್ಲ ಅನ್ನೋ ಹಾಗೆ ಲೆಕ್ಕದಿಂದಲೇ ಮಾಯ. ನೆಟ್‌ವರ್ಕಿನ ಹೊರಗೆ ನನ್ನ ಡಿಡಕ್ಟಿಬಲ್ 3000 ಡಾಲರ್. ಅದು ತುಂಬೋ ತನಕ ಅವರು ಬಿಡಿಗಾಸು ಬಿಚ್ಚಲ್ಲ. ಸೆಷನ್ನಿಗೆ 110ರ ಹಾಗೆ ತುಂಬಿಸಿದರೆ 27 ಸೆಷನ್ ಆದರೂ 2970. ಅಷ್ಟೊತ್ತಿಗೆ ನನ್ನ ಕೈಯಿಂದ ಹೋಗಿರೋದು 6075 ಡಾಲರ್. ವಾರಕ್ಕೊಂದರಂತೆ ಜನವರಿಯಿಂದ ಒಂದೂ ತಪ್ಪಿಸದೆ ಹೋದರೂ ಮೊದಲ ಕಾಸು ಕಾಣೋದು ಜುಲೈನಲ್ಲಿ. ಆಮೇಲಾದರೂ 225ಕ್ಕೆ ಸಿಗೋದು ಎಷ್ಟು? 110ರಲ್ಲಿ 60 ಪರ್ಸೆಂಟ್, ಅಂದರೆ 66 ಡಾಲರ್. ಮೂವತ್ತು ಪರ್ಸೆಂಟೂ ಆಗಲಿಲ್ಲ. ಮುಂದಿನ ಜನವರಿ 1ಕ್ಕೆ ಮತ್ತೆ ಸೊನ್ನೆಯಿಂದ ಶುರು. ಮೂಗಿಗೆ ತುಪ್ಪ ಸವರೋದು ಅಂದರೆ ಇದೇ.

ಥೆರಪಿ ಶುರು ಮಾಡೋ ಮೊದಲೇ ನಾನು ಫೋನ್ ಮಾಡಿ ಕೇಳಿದ್ದೆ. 90837ಕ್ಕೆ, ನಮ್ಮ ಏರಿಯಾದಲ್ಲಿ, ನೀವು ಎಷ್ಟು ಒಪ್ಪುತ್ತೀರಿ? ಒಂದು ನಂಬರ್ ಹೇಳಿ, ಸಾಕು ಅಂದೆ. ‘ಅದನ್ನು ಮುಂಚೆ ಹೇಳೋಕೆ ಬರಲ್ಲ ಮೇಡಂ, ಕ್ಲೇಮ್ ಹಾಕಿದ ಮೇಲೆ ಗೊತ್ತಾಗುತ್ತೆ’ ಅಂದಳು ಆ ಹುಡುಗಿ. ಪಾಪ, ಅವಳದ್ದೇನೂ ತಪ್ಪಿಲ್ಲ, ಮುಂದಿರೋ ಸ್ಕ್ರೀನ್ ನೋಡಿ ಓದುತ್ತಿದ್ದಾಳೆ. ಆದರೆ ಇದೆಂಥ ವ್ಯಾಪಾರ? ಅಂಗಡಿಯವನು ತಕ್ಕಡಿ ಮುಚ್ಚಿಟ್ಟುಕೊಂಡು ತೂಗಿದ ಹಾಗಾಯಿತಲ್ಲ! ನನಗೆ 2022ರಿಂದ ಜಾರಿಯಲ್ಲಿರೋ ಕಾನೂನಿನ ಪ್ರಕಾರ ಥೆರಪಿಸ್ಟ್ ಮುಂಗಡವಾಗಿ ಖರ್ಚಿನ ಅಂದಾಜು ಬರೆದು ಕೊಟ್ಟರು. ಒಬ್ಬರೇ ಕೂತು ಕೆಲಸ ಮಾಡೋ ಅವರಿಗೆ ಆಗುತ್ತೆ. ಸಾವಿರಾರು ಜನ ಇಟ್ಟುಕೊಂಡ ಕಂಪನಿಗೆ ಆಗಲ್ಲ.

ಕಾನೂನು ಇಲ್ಲ ಅಂತಲ್ಲ. ಮೈಗೆ ಬಂದ ಕಾಯಿಲೆಗಿಂತ ಮನಸ್ಸಿನ ಕಾಯಿಲೆಗೆ ಬಿಗಿ ನಿಯಮ ಹಾಕಬಾರದು ಅಂತ ಅಮೆರಿಕದಲ್ಲಿ 2008ರಿಂದ ಕಾನೂನಿದೆ. ಅದನ್ನು ಗಟ್ಟಿ ಮಾಡೋಕೆ 2024ರಲ್ಲಿ ಹೊಸ ನಿಯಮ ತಂದರು. 2025ರ ಮೇ ತಿಂಗಳಲ್ಲಿ ಅದನ್ನು ಸದ್ಯಕ್ಕೆ ಜಾರಿ ಮಾಡಲ್ಲ ಅಂತ ಸರ್ಕಾರವೇ ಹೇಳಿತು. ನಮ್ಮ ಕ್ಯಾಲಿಫೋರ್ನಿಯಾದ ನಿಯಮ ಇನ್ನೂ ಚೆನ್ನಾಗಿದೆ. ತುರ್ತು ಅಲ್ಲದಿದ್ದರೂ 10 ಕೆಲಸದ ದಿನದೊಳಗೆ ಥೆರಪಿಸ್ಟ್ ಸಿಗಬೇಕು. ಸಿಗದಿದ್ದರೆ ಕಂಪನಿಯೇ ಹೊರಗಿನವರನ್ನು ಗೊತ್ತು ಮಾಡಿ, ಒಳಗಿನ ರೇಟಿನಲ್ಲೇ ಕೊಡಿಸಬೇಕು. ಖುಷಿಯಿಂದ ಅದನ್ನು ತೋರಿಸಿದರೆ ನನಗೆ ಸಿಕ್ಕ ಉತ್ತರ: ನಿಮ್ಮದು ಸೆಲ್ಫ್ ಫಂಡೆಡ್ ಪ್ಲಾನ್, ನಿಮಗೆ ಅನ್ವಯಿಸಲ್ಲ. ಅಂದರೆ ದುಡ್ಡು ನಾನು ಕೆಲಸ ಮಾಡೋ ಕಂಪನಿಯದ್ದು, ಇನ್ಶೂರೆನ್ಸಿನವರು ಬರೀ ಲೆಕ್ಕ ನೋಡಿಕೊಳ್ಳೋರು. ಅಂಥ ಪ್ಲಾನಿಗೆ 1974ರ ಕೇಂದ್ರ ಕಾನೂನು, ರಾಜ್ಯದ್ದು ನಡೆಯಲ್ಲ. ದೊಡ್ಡ ಕಂಪನಿಗಳಲ್ಲಿ ಬಹಳಷ್ಟು ಹೀಗೇ. ಇಲ್ಲಿರೋ ನಮ್ಮವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಕಾರ್ಡಿನ ಮೇಲೆ ಇನ್ಶೂರೆನ್ಸ್ ಕಂಪನಿ ಹೆಸರು ತಾನೇ ಇರೋದು.

ನನಗೆ ಕೋಪ ಬರೋದು ದುಡ್ಡಿಗೆ ಮಾತ್ರ ಅಲ್ಲ. ನಿದ್ದೆ ಇಲ್ಲದೆ, ಒಂದು ಇಮೇಲ್ ತೆರೆಯೋಕೂ ಕೈ ನಡುಗೋ ಹೊತ್ತಿನಲ್ಲೇ ಈ ಕೋಡು, ಫ್ಯಾಕ್ಸು, ಹೋಲ್ಡ್ ಮ್ಯೂಸಿಕ್ಕು. ಅರ್ಧ ಜನ ಸುಮ್ನೆ ಕೈಬಿಡುತ್ತಾರೆ, ಅಲ್ವಾ? ಕೈಬಿಟ್ಟಷ್ಟೂ ಅವರಿಗೆ ಲಾಭ. ನಾನೇನೋ ಹೇಗೋ ಕೊಡುತ್ತಿದ್ದೇನೆ. 225 ಡಾಲರ್ ಕೊಡೋಕೆ ಆಗದವರು ಏನು ಮಾಡಬೇಕು?

ಅಪೀಲು ಹಾಕೋಕೆ 180 ದಿನ ಇದೆ. ಹಾಕುತ್ತಿದ್ದೇನೆ. ಆ ಪಟ್ಟಿಯಲ್ಲಿ ಯಾರಿಗೆ ಫೋನ್ ಮಾಡಿದೆ, ಏನಂದರು ಅನ್ನೋದನ್ನೆಲ್ಲ ಬರೆದಿಟ್ಟಿದ್ದು ಜೊತೆಗಿದೆ. ಆಫೀಸಿನ ಎಚ್‌ಆರ್‌ಗೂ ಬರೆದಿದ್ದೇನೆ, ದುಡ್ಡು ನಿಮ್ಮದೇ ಅಂದ ಮೇಲೆ ಉತ್ತರವೂ ನಿಮ್ಮದೇ ಅಂತ. ವರ್ಷದ ಕೊನೆಗೆ ಮತ್ತೆ ಪ್ಲಾನ್ ಆರಿಸೋ ಸಮಯ ಬರುತ್ತೆ. 60 ಪರ್ಸೆಂಟಿನ ಪಕ್ಕದಲ್ಲಿ ಆ 110 ಅನ್ನೋ ನಂಬರನ್ನೂ ಅಚ್ಚು ಹಾಕಿ. ಅದು ಕಾಣೋ ತನಕ ಪಿಪಿಒಗೆ ನಾನು ಸಹಿ ಹಾಕಲ್ಲ.