ಪಾಯಿಂಟ್ ಎಂಟು ಅವರೆಕಾಳು

ಗುರುವಾರ ರಾತ್ರಿ ಒಂಬತ್ತೂ ಹತ್ತಕ್ಕೆ ಯೂಕೆಜಿ ಗ್ರೂಪಿನಲ್ಲಿ ಮೆಸೇಜ್ ಬಂತು. ಬೀದಿ ಕೊನೆಯ ಸ್ಟೇಷನರಿ ಅಂಗಡಿಯವನು ಶಟರ್ ಎಳೆದ ಸದ್ದು ಕೇಳಿಸಿಕೊಂಡೇ ಮಿಸ್ ಇದನ್ನೆಲ್ಲ ಕಳಿಸುತ್ತಾರೆ ಅನ್ನೋದು ನನ್ನ ಗುಮಾನಿ. ನಾಳೆ ಇತಿಹಾಸ, ಗಣಿತ, ಕ್ರಾಫ್ಟ್ ಮೂರೂ ಸೇರಿ ಒಂದೇ ಆಕ್ಟಿವಿಟಿಯಂತೆ. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದಾಗಿನಿಂದ ಇವತ್ತಿನವರೆಗೆ ಹತ್ತು ವರ್ಷಕ್ಕೊಂದು ಕಾಳು ಅಂಟಿಸಿ, ಬೆಂಗಳೂರಿನ ವಯಸ್ಸು ತೋರಿಸಬೇಕು. ಬೆಂದಕಾಳೂರು ಅಲ್ವಾ, ಅದಕ್ಕೆ ಕಾಳು. ಸೀಸನ್ ಅಲ್ವಾ, ಅದಕ್ಕೆ ಅವರೆಕಾಳೇ ಆಗಬೇಕು. ಚಾರ್ಟಿನ ನಾಲ್ಕು ಮೂಲೆಗೆ ಹಳೇ ಊರಿನ ಗಡಿಯ ನಾಲ್ಕು ಗೋಪುರ. ಕೊನೆಗೆ ಒಂದು ಕೈಮುಗಿದ ಇಮೋಜಿ: "ಮಗುವೇ ಮಾಡಬೇಕು, ಪೋಷಕರು ಬರೀ ನೋಡಬೇಕು."

ಹತ್ತು ನಿಮಿಷದ ಆ್ಯಪಿನಲ್ಲಿ ಚಾರ್ಟ್ ಪೇಪರ್ ಸಿಕ್ಕಿತು. ಒಣ ಅವರೆ ಖಾಲಿ. ಯೂಕೆಜಿ ಅಮ್ಮಂದಿರೆಲ್ಲ ಆಗಲೇ ನುಗ್ಗಿಯಾಗಿತ್ತು. ಮನೆಯಲ್ಲಿದ್ದದ್ದು ಮಾರನೇ ದಿನದ ಹಿತಕಿದಬೇಳೆ ಸಾರಿಗೆ ನಾನು ನೆನೆಹಾಕಿದ್ದ ಹಸಿ ಕಾಳು. ಒದ್ದೆ ಕಾಳಿಗೆ ಫೆವಿಕಾಲ್ ಹಿಡಿಯುತ್ತಾ? ಇಲ್ಲ. ಹಾಗಾಗಿ ನಮ್ಮ ಅತ್ತೆ ಸೋಸುವ ಜರಡಿ ಹಿಡಿದು ನಿಂತರು, ನಾನು ಹೇರ್ ಡ್ರೈಯರ್ ಹಿಡಿದೆ. ಸಿಪ್ಪೆ ಸುಕ್ಕುಗಟ್ಟಿ, ಒಂದೊಂದು ಕಾಳೂ ನಿಜಕ್ಕೂ 1537ರಿಂದಲೇ ಇದ್ದ ಹಾಗೆ ಕಾಣತೊಡಗಿತು.

ಅಷ್ಟರಲ್ಲಿ ನನ್ನ ಗಂಡ ಕ್ಯಾಲ್ಕುಲೇಟರ್ ತಂದರು.

ಇವರ ಕೆಲಸ ಆಡಿಟ್. ಸ್ನೇಹಿತರ ಜೊತೆ ಹೋಟೆಲ್ ಬಿಲ್ ಹಂಚಿಕೊಂಡರೆ 213 ರೂಪಾಯಿ 33 ಪೈಸೆ ಅಂತಲೇ ಕಳಿಸುವ ಮನುಷ್ಯ. 2025ರಲ್ಲಿ 1537 ಕಳೆದರು, 488. ಹತ್ತರಿಂದ ಭಾಗಿಸಿದರು, 48.8.

"ನಲವತ್ತೊಂಬತ್ತು ಅಂಟಿಸೋಣ ರೀ."

"ಊರಿಗೆ ಎರಡು ವರ್ಷ ಜಾಸ್ತಿ ಆಗುತ್ತೆ."

"ಹಾಗಾದ್ರೆ ನಲವತ್ತೆಂಟು."

"ಎಂಟು ವರ್ಷ ನುಂಗಿದ ಹಾಗಾಗುತ್ತೆ."

ಸಿಪ್ಪೆ ಹಿಚುಕಿದರೆ ಅವರೆಕಾಳು ತಾನಾಗೇ ಎರಡು ಬೇಳೆ ಆಗುತ್ತೆ, ಅದರಲ್ಲಿ ಒಂದು ಅಂಟಿಸಿ ಮಲಗೋಣ ಅಂದೆ. ಅದು ಪಾಯಿಂಟ್ ಐದು, ಪಾಯಿಂಟ್ ಎಂಟಲ್ಲ ಅಂತ ನೇಲ್ ಕಟರ್ ಹುಡುಕಿಕೊಂಡು ಹೋದರು. ಊಟದ ಮೇಜಿನ ಮೇಲೆ ಮಗನ ಸ್ಕೇಲ್ ಇಟ್ಟು, ಕನ್ನಡಕ ಹಣೆಗೇರಿಸಿ, ಒಂದು ಕಾಳನ್ನು ಮಿಲಿಮೀಟರಿನಲ್ಲಿ ಅಳೆದು ತುದಿ ಕತ್ತರಿಸಿದರು. ಮೊದಲನೇದು ಸಿಡಿದು ಫ್ರಿಜ್ ಕೆಳಗೆ ಹೋಯಿತು. ಎರಡನೇದು ಜಾಸ್ತಿ ಕತ್ತರಿಸಿ ಹೋಗಿ "ಇದು ಪಾಯಿಂಟ್ ಆರು" ಅಂತ ಪಕ್ಕಕ್ಕಿಟ್ಟರು. ಆರನೇ ಕಾಳಿಗೆ ಸಮಾಧಾನ ಆಯಿತು. ಆಗ ಹತ್ತೂಮುಕ್ಕಾಲು.

ನಾನೂ ಸುಮ್ನಿರಬೇಕಿತ್ತು. ಬೆಂದಕಾಳು ಕೊಟ್ಟ ಅಜ್ಜಿಯ ಕಥೆಯಲ್ಲಿರೋದು ಹೊಯ್ಸಳರ ವೀರಬಲ್ಲಾಳ, ಕೆಂಪೇಗೌಡರಲ್ಲ ಅಂತ ಅತ್ತೆ ಶುರು ಮಾಡಿದ್ದಕ್ಕೆ, ಅದಕ್ಕೂ ಹಿಂದೆಯೇ ನಮ್ಮ ಬೇಗೂರಿನ ಶಾಸನದಲ್ಲಿ ಬೆಂಗಳೂರಿನ ಹೆಸರಿದೆ ಅಂದುಬಿಟ್ಟೆ. ನಾಗೇಶ್ವರ ದೇವಸ್ಥಾನದ ಹತ್ತಿರದ ವೀರಗಲ್ಲು, ಸುಮಾರು ಕ್ರಿ.ಶ. 900ರದ್ದು, ಅದರಲ್ಲಿ ಬೆಂಗಳೂರು ಕಾಳಗ ಅಂತಲೇ ಬರೆದಿದೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಇವರ ಮುಖ ಅರಳಿತು. "1125 ವರ್ಷ! ನೂರಾ ಹನ್ನೆರಡು ಕಾಳು, ಸರಿಯಾಗಿ ಅರ್ಧ ಬೇಳೆ!" ಮರುಕ್ಷಣ ಮುಖ ಇಳಿಯಿತು. "ಸುಮಾರು ಅಂದ್ಯಲ್ಲ. ಸುಮಾರು ಅಂದ್ರೆ ಎಷ್ಟು?" ಮತ್ತೆ 1537ಕ್ಕೇ ವಾಪಸ್ ಬಂದೆವು.

ಅರ್ಧ ನಿದ್ದೆಯಲ್ಲಿದ್ದ ನಮ್ಮ ಮಗ ಪುಟ್ಟ, ಗೋಪುರಗಳಿಗೆ ಬಣ್ಣ ಬಳಿಯುತ್ತಿದ್ದ. ಲಾಲ್‌ಬಾಗ್, ಕೆಂಪಾಂಬುಧಿ ಕೆರೆ, ಹಲಸೂರು ಕೆರೆ, ಮೇಖ್ರಿ ಸರ್ಕಲ್. ಊರಿನ ಗಡಿ ಇಷ್ಟೇ ಇತ್ತಂತೆ ಅಂದೆ. "ಅಮ್ಮ, ನಮ್ಮನೆ ಒಳಗಾ ಹೊರಗಾ?" ಹೊರಗೆ ಕಣೋ. "ಹಾಗಾದ್ರೆ ನಾಳೆ ಸ್ಕೂಲಿಲ್ವಾ?" ಅಂದವನೇ ಹಲಸೂರು ಕೆರೆ ಮೇಲೆ ತಲೆಯಿಟ್ಟು ಮಲಗಿಬಿಟ್ಟ. ಮಗುವೇ ಮಾಡಬೇಕು ಅನ್ನೋ ಭಾಗ ಅಲ್ಲಿಗೆ ಮುಗಿಯಿತು.

ಕಾಳು ಅಂಟಿಸುತ್ತಾ ಕೂತಾಗ ನನ್ನ ಅಜ್ಜಿ ನೆನಪಾದರು. ಡಿಸೆಂಬರ್ ಸಂಜೆ ಪೇಪರ್ ಹಾಸಿ, ಮಧ್ಯೆ ಅವರೆಕಾಯಿ ಸುರಿದು ನಮ್ಮನ್ನೆಲ್ಲ ಸುತ್ತ ಕೂರಿಸುತ್ತಿದ್ದರು. ಕಾಯಿ ಸುಲಿದಾಗ ಸಿಕ್ಕ ಹಸಿರು ಹುಳ ಎಣಿಸಬೇಕು, ಯಾರಿಗೆ ಜಾಸ್ತಿ ಸಿಕ್ಕಿತೋ ಅವರಿಗೆ ಒಂದು ಚೂರು ಬೆಲ್ಲ. ನಾನು ಎಣಿಸೋದು ಕಲಿತದ್ದು ಹುಳದಲ್ಲೇ. ಬೆರಳೆಲ್ಲ ಸೊಗಡು ವಾಸನೆ, ಅಜ್ಜಿ ಬಾಯಲ್ಲಿ ಅವರ ಮದುವೆ ಕಾಲದ ಕಥೆ. ಅದಕ್ಕೆ ಯಾರೂ ಆಕ್ಟಿವಿಟಿ ಅಂತ ಹೆಸರಿಟ್ಟಿರಲಿಲ್ಲ, ಫೋಟೋ ತೆಗೆದು ಗ್ರೂಪಿಗೆ ಹಾಕಿ ಅಂತಲೂ ಯಾರೂ ಅನ್ನಲಿಲ್ಲ.

ಶುಕ್ರವಾರ ನಮ್ಮ ಮನೆಯಲ್ಲಿ ಟೊಮೇಟೊ ಸಾರು.

ಸಂಜೆ ಚಾರ್ಟ್ ವಾಪಸ್ ಬಂತು, ಮೇಲೊಂದು ಸ್ಟಾರ್, ಕೆಳಗೆ "ಗುಡ್ ಎಫರ್ಟ್, ಪುಟ್ಟ". ಇವರು ಆಫೀಸಿನಿಂದ ಬಂದವರೇ ಶೂ ಕೂಡ ಬಿಚ್ಚದೆ ಎಣಿಸಿದರು. 46.8. ಎರಡು ಕಾಳು, ಅಂದರೆ ಇಪ್ಪತ್ತು ವರ್ಷ, ಸ್ಕೂಲ್ ವ್ಯಾನಿನಲ್ಲಿ ಬಿದ್ದುಹೋಗಿತ್ತು. ಪಾಯಿಂಟ್ ಎಂಟು ಮಾತ್ರ ಗಟ್ಟಿಯಾಗಿ ಅಂಟಿಕೊಂಡಿತ್ತು. ಇವರು ಅದನ್ನೇ ಫೋಟೋ ತೆಗೆದುಕೊಂಡರು.